ಹಳದಿ ಗೆರೆ ದಾಟಿದ ನೀರು

ಮಾನ್ಯ ಸಂಸದರೇ,

ಕಲ್ಲು ಕೊಯ್ಯುವ ಯಂತ್ರಕ್ಕೆ ನೀರಿನ ಪೈಪು ಕಡ್ಡಾಯ ಎಂದು ಕಾಯ್ದೆ ತಂದವರು ನೀವು. ಇಪ್ಪತ್ತಕ್ಕಿಂತ ಕಡಿಮೆ ಜನ ದುಡಿಯುವ ಕಂಪನಿಗಳಿಗೆ ಆ ಕಾಯ್ದೆ ಬೇಡ ಎಂದು ತಿದ್ದುಪಡಿ ತಂದವರೂ ನೀವು. ಆ ತಾತ್ಕಾಲಿಕ ವಿನಾಯಿತಿಯ ಅವಧಿ ಮುಗಿಯುತ್ತಾ ಬಂತಲ್ಲ ಎಂದು ಕಳವಳಗೊಂಡು, ಅದನ್ನು ಕಾಯಂ ಮಾಡುವ ಮಸೂದೆಯನ್ನು ಮುಂದಿನ ವಾರ ಸದನದ ಮುಂದಿಡುತ್ತಿರುವವರೂ ನೀವೇ. ಕಟ್ಟುವುದೂ ನೀವೇ, ಕೆಡವುವುದೂ ನೀವೇ, ಕೆಡವಿದ ಜಾಗಕ್ಕೆ ಬೇಲಿ ಹಾಕುವುದೂ ನೀವೇ. ಇಷ್ಟು ಮೈಮುರಿದು ದುಡಿಯುವ ಜನಪ್ರತಿನಿಧಿಗೆ ಮತದಾರಳೊಬ್ಬಳು ಒಂದು ಪತ್ರವನ್ನಾದರೂ ಬರೆಯದಿದ್ದರೆ ತಪ್ಪಾಗುತ್ತದೆ. ಆ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಕೇಳುವುದನ್ನು ಮೊದಲೇ ಕೇಳಿಬಿಟ್ಟೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಪತ್ರದ ಮೊದಲ ಪ್ಯಾರಾ ಮಾತ್ರ ಓದುತ್ತಾರೆಂದು ಕೇಳಿದ್ದೇನೆ. ಉಳಿದದ್ದನ್ನು ಊರಿನವರು ಓದಿಕೊಳ್ಳಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನನ್ನ ಪರಿಚಯ ನಿಮಗಿಲ್ಲ. ಕಲ್ಲಿನ ಕಾರ್ಖಾನೆಯ ಗೇಟಿನ ಎದುರಿಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು ನಾನು. ಹೊಸ ಬಟ್ಟೆ ಹೊಲಿಸುವವರು ಈಗ ಕಡಿಮೆ. ಉದ್ದ ಮೊಟಕು ಮಾಡುವುದು, ಸೊಂಟ ಸಡಿಲಿಸುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ಇಷ್ಟೇ ನನ್ನ ಕಸುಬು. ನಮ್ಮ ಯಜಮಾನರು ಮಾತ್ರ ಮದುವೆಗೆ ಮುಂಚಿನಿಂದಲೂ ಎದುರಿನ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತವರು. ಅಡುಗೆಮನೆಯ ಕಟ್ಟೆಗೆ, ಬಚ್ಚಲಿನ ಗೋಡೆಗೆ, ಬ್ಯಾಂಕಿನ ಮೆಟ್ಟಿಲಿಗೆ ಹಾಕುವ ನುಣುಪು ಕಲ್ಲು ಇದೆಯಲ್ಲ, ಅದನ್ನು ಅಳತೆಗೆ ಕೊಯ್ದು ಕೊಡುವ ಕೆಲಸ. ನೀರಿಲ್ಲದೆ ಒಣಗರಗಸ ಕಲ್ಲಿಗೆ ತಾಗಿತೆಂದರೆ ಏಳುವ ಧೂಳು ಹಿಟ್ಟಿಗಿಂತ ಸಣ್ಣದು. ಸಂಜೆ ಅವರು ರಸ್ತೆ ದಾಟಿ ಅಂಗಡಿಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. "ಬಂದ್ರಪ್ಪ ನಮ್ಮನೆ ಮುದುಕಪ್ಪ" ಎಂದು ರೇಗಿಸುತ್ತಿದ್ದೆ. ಗಿರಾಕಿಗಳ ಬಟ್ಟೆ ಹಾಳಾಗಬಾರದಲ್ಲ, ಬಾಗಿಲಲ್ಲೇ ನಿಲ್ಲಿಸಿ ಅಂಗಿ ಜಾಡಿಸಿಯೇ ಒಳಗೆ ಬಿಡುತ್ತಿದ್ದೆ. ಬಟ್ಟೆಗೆ ಕೂತ ಧೂಳು ಜಾಡಿಸಿದರೆ ಹೋಗುತ್ತದೆ, ಎದೆಯೊಳಗೆ ಕೂತದ್ದು ಹೋಗುವುದಿಲ್ಲ ಎಂದು ನಮಗೆ ಮೊದಲು ಹೇಳಿದವರು ಯಾವ ವೈದ್ಯರೂ ಅಲ್ಲ, ನೀವು.

ಹೌದು ಸ್ವಾಮಿ, ನೀವೇ. ಮೊದಲ ಸಲ ಗೆದ್ದ ಹೊಸತರಲ್ಲಿ ಶೆಡ್ಡು ನೋಡಲು ಬಂದಿದ್ದಿರಿ. ಯಂತ್ರದ ಪಕ್ಕ ನಿಂತ ಸ್ವಲ್ಪ ಹೊತ್ತಿಗೇ ಗಂಟಲು ಕಟ್ಟಿ, ಮೂಗಿಗೆ ಕರವಸ್ತ್ರ ಹಿಡಿದು, ಹೊರಗೆ ಓಡಿಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೆಮ್ಮಿದಿರಿ. ಆಮೇಲೆ ನಮ್ಮ ಯಜಮಾನರ ಹೆಗಲ ಮೇಲೆ ಕೈಯಿಟ್ಟು, "ದಿನಾ ಇದನ್ನ ಹೇಗ್ರೀ ಕುಡೀತೀರಿ?" ಎಂದು ಕೇಳಿದಿರಿ. ಸದನದಲ್ಲಿ ನೀವು ಮಾಡಿದ ಭಾಷಣವನ್ನು ನಾನು ಹೊಲಿಗೆ ಮಷೀನು ನಿಲ್ಲಿಸಿ ಟೀವಿಯಲ್ಲಿ ಕೇಳಿದೆ. "ಬೇಕಾಗಿರುವುದು ಒಂದು ನಲ್ಲಿ, ಒಂದು ಪೈಪು. ಇಷ್ಟಕ್ಕಾಗಿ ಇನ್ನೂ ಎಷ್ಟು ಜನರ ಶ್ವಾಸಕೋಶ ಬಲಿ ಕೊಡಬೇಕು?" ಎಂದಿರಿ. ನಾನು ಅತ್ತೆ. ಕಾಯ್ದೆ ಪಾಸಾದ ಮೇಲೆ ಊರಿನ ಕೆಲವು ಬುದ್ಧಿವಂತರು, ಅವತ್ತಿನ ಕೆಮ್ಮೆಲ್ಲ ಕ್ಯಾಮೆರಾಗೋಸ್ಕರ ಎಂದು ಮೂಗು ಮುರಿದರು. ನಮ್ಮ ಯಜಮಾನರು ಒಪ್ಪಲಿಲ್ಲ. "ಅದು ನಾಟಕ ಅಲ್ಲ ಕಣೇ. ಬೇರೆ ಏನು ಗೊತ್ತಿಲ್ದಿದ್ರೂ ಕೆಮ್ಮು ನನಗೆ ಗೊತ್ತು" ಎಂದರು. ನಾನೂ ಹಾಗೇ ನಂಬಿದ್ದೇನೆ. ನೀವು ಸುಳ್ಳುಗಾರರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗೊತ್ತಿದ್ದವರು ನೀವು, ಅದೇ ಸಂಕಟ.

ಪೈಪು ಹಾಕಿಸಿಕೊಳ್ಳಲು ಮಾಲೀಕರಿಗೆ ಒಂದು ವರ್ಷದ ಗಡುವು ಕೊಟ್ಟಿದ್ದಿರಿ. ಗಡುವು ಮುಗಿಯುವ ಮುಂಚೆಯೇ ಸಣ್ಣ ಉದ್ದಿಮೆಗಳ ಮೇಲೆ ನಿಮಗೆ ಕರುಣೆ ಉಕ್ಕಿತು, ವಿನಾಯಿತಿ ಬಂತು. ಪತ್ರಿಕೆಯಲ್ಲಿ ಓದಿ ನಾವ್ಯಾರೂ ಗಾಬರಿಯಾಗಲಿಲ್ಲ. ನಮ್ಮೆದುರಿನ ಶೆಡ್ಡಿನಲ್ಲಿ ಹತ್ತಿರ ಹತ್ತಿರ ನೂರು ಜನ ಕೆಲಸ ಮಾಡುತ್ತಾರೆ, ಇಪ್ಪತ್ತರ ಮಾತು ನಮಗೆಲ್ಲಿ ತಾಗುತ್ತದೆ? ಯಾವುದೋ ಬಡಪಾಯಿ ತನ್ನ ಮನೆಯ ಹಿತ್ತಲಲ್ಲಿ ಕಲ್ಲು ಕೊಯ್ಯುತ್ತಿರಬೇಕು, ಅವನಿಗೋಸ್ಕರ ಇರಬೇಕು ಎಂದುಕೊಂಡೆವು. ಅಷ್ಟರಲ್ಲಿ ಒಂದು ರಜೆ ಮುಗಿಸಿ ಬೆಳಿಗ್ಗೆ ಕೆಲಸಕ್ಕೆ ಹೋದವರು ನೋಡುತ್ತಾರೆ, ಶೆಡ್ಡಿನ ನೆಲದ ಮೇಲೆಲ್ಲ ಅಗಲವಾದ ಹಳದಿ ಗೆರೆಗಳು! ಅಂಥ ಗೆರೆಗಳನ್ನು ನಮ್ಮವರು ದೊಡ್ಡ ಕಾರ್ಖಾನೆಗಳ ಚಿತ್ರದಲ್ಲಿ ಮಾತ್ರ ನೋಡಿದ್ದರು. ಕೆಲಸಗಾರರು ಎಲ್ಲಿ ನಡೆಯಬೇಕು, ಗಾಡಿ ಎಲ್ಲಿ ಓಡಬೇಕು ಎಂದು ತೋರಿಸುವ ಸುರಕ್ಷತೆಯ ಗುರುತು ಎಂದೇ ತಿಳಿದರು. ಗೆರೆ ಬಂತು, ಇನ್ನು ಪೈಪು ಬರುವುದೊಂದೇ ಬಾಕಿ! ಆವತ್ತು ಮಧ್ಯಾಹ್ನ ಊಟಕ್ಕೆ ಬಂದಾಗ ಯಜಮಾನರ ಮುಖ ನೋಡಬೇಕಿತ್ತು. "ಸಂಸದರು ಮಾತು ಉಳಿಸ್ಕೊಂಡ್ರು ಕಣೇ. ನೆಲಕ್ಕೆಲ್ಲ ಬಣ್ಣ ಹೊಡೆಸಿದಾರೆ" ಎಂದರು. ಕೆಲವು ದಿನ ಎಲ್ಲರೂ ಶಾಲೆಯ ಮಕ್ಕಳ ಹಾಗೆ ಆ ಗೆರೆಗಳ ಮೇಲೇ ಒಬ್ಬರ ಹಿಂದೆ ಒಬ್ಬರು ನಡೆದರು. ಕೊನೆಗೆ ಸೂಪರ್‌ವೈಸರು ಹೊಟ್ಟೆ ಹಿಡಿದುಕೊಂಡು ನಕ್ಕು, "ಅದು ನಡೆಯೋ ದಾರಿ ಅಲ್ರಯ್ಯಾ, ಕಂಪನಿ ಗಡಿ! ಈಚೆ ಕಡೆಯವರು ಮೂರನೇ ಕಂಪನಿ, ಆಚೆ ಕಡೆಯವರು ನಾಲ್ಕನೇದು" ಎಂದು ಬಿಡಿಸಿ ಹೇಳಿದರು.

ಹೀಗೆ ಒಂದು ಸೂರಿನ ಕೆಳಗೆ ಐದು ಕಂಪನಿಗಳು ಹುಟ್ಟಿದವು. ಗೇಟು ಒಂದೇ, ಸೈರನ್ನು ಒಂದೇ, ಸಂಬಳ ಕೊಡುವ ಗುಮಾಸ್ತ ಒಬ್ಬನೇ, ಬಯ್ಯುವ ಸೂಪರ್‌ವೈಸರೂ ಒಬ್ಬರೇ. ಪ್ರತಿ ಕಂಪನಿಯಲ್ಲೂ ಹತ್ತೊಂಬತ್ತು ಜನ. ನಮ್ಮ ಯಜಮಾನರು ಮೂರನೆಯದರ ಪಾಲಿಗೆ ಬಂದರು. ಕಕ್ಕಸು ಮಾತ್ರ ಎರಡನೇ ಕಂಪನಿಯ ಪಾಲಿಗೆ ಬಂದಿದೆ. ಆದ್ದರಿಂದ ಮೂರನೇ ಕಂಪನಿಯವರಿಗೆ ಹೊಟ್ಟೆ ಕೆಟ್ಟರೆ ಬೇರೊಂದು ಸಂಸ್ಥೆಗೆ ಭೇಟಿ ಕೊಡಬೇಕು. ಇಷ್ಟು ಉದ್ದಿಮೆಗಳು ಒಂದು ರಜೆಯಲ್ಲಿ, ಒಂದು ಡಬ್ಬಿ ಬಣ್ಣದಲ್ಲಿ ಹುಟ್ಟಿದ್ದನ್ನು ಜಗತ್ತಿನ ಯಾವ ದೇಶದಲ್ಲಾದರೂ ಕಂಡಿದ್ದೀರಾ? ನಿಮ್ಮ ಸಾಧನೆಗಳನ್ನು ಹೊಗಳಿ ಮನೆಮನೆಗೂ ಹಂಚಿದ ಆ ಹೊಳೆಯುವ ಪುಸ್ತಿಕೆಯಲ್ಲಿ, 'ಕ್ಷೇತ್ರದಲ್ಲಿ ಹೊಸ ಉದ್ದಿಮೆಗಳ ಅಭೂತಪೂರ್ವ ಬೆಳವಣಿಗೆ' ಎಂದು ಹಾಕಿಸಿದ್ದೀರಿ. ನಾನದನ್ನು ಓದಿ ಎದುರಿಗೆ ನೋಡಿದೆ. ನಿಜ, ಐದು ಬೆಳೆದಿದ್ದವು. ಅದೇ ಪುಸ್ತಿಕೆಯ ಇನ್ನೊಂದು ಪುಟದಲ್ಲಿ ನೀರಿನ ಕಾಯ್ದೆಯ ಬಗ್ಗೆಯೂ ಇದೆ, ಹೆಗಲ ಮೇಲೆ ಕೈಯಿಟ್ಟ ಆ ಹಳೆಯ ಫೋಟೋ ಸಹಿತ. ಕಾಯ್ದೆ ತಂದ ಹೆಮ್ಮೆಯೂ ಇರಲಿ, ಕಾಯ್ದೆ ಇಲ್ಲದಿರುವ ಅನುಕೂಲವೂ ಇರಲಿ ಎಂದರೆ ಹೇಗೆ ಸ್ವಾಮಿ? ಬಟ್ಟೆ ಹೊಲಿಸಿಕೊಳ್ಳುವವರಲ್ಲೂ ಇಂಥವರಿದ್ದಾರೆ. ಅಂಗಿ ಬಿಗಿಯಾಗಿಯೂ ಇರಬೇಕು, ಸಡಿಲವಾಗಿಯೂ ಇರಬೇಕು ಎನ್ನುತ್ತಾರೆ. ಅವರನ್ನು ನಾನು ಪಕ್ಕದ ಬೀದಿಯ ಅಂಗಡಿಗೆ ಕಳಿಸಿಬಿಡುತ್ತೇನೆ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ಐದನೇ ಕಂಪನಿ ಎಂದರೆ ಗಿರಾಕಿಗಳು ಬಂದು ಕಲ್ಲು ನೋಡುವ ಮೂಲೆ. ಅಲ್ಲಿ ಮಾತ್ರ ನಲ್ಲಿ ಇದೆ. ಕಲ್ಲಿಗೆ ನೀರು ಸುರಿದರೆ ಅದರ ಬಣ್ಣ ಚೆನ್ನಾಗಿ ಎದ್ದು ಕಾಣುತ್ತದೆ, ಬಂದವರ ಬೂಟಿಗೂ ಧೂಳು ಹತ್ತುವುದಿಲ್ಲ. ಬೂಟಿಗೆ ನೀರುಂಟು, ಶ್ವಾಸಕೋಶಕ್ಕಿಲ್ಲ. ನಮ್ಮ ಯಜಮಾನರಿಗೆ ಆಗಲೇ ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಮ್ಮ ದುಡ್ಡಿನಲ್ಲೇ ಉದ್ದನೆಯ ಪೈಪು ತಂದರು. ಐದನೇ ಕಂಪನಿಯ ನಲ್ಲಿಗೆ ಒಂದು ತುದಿ ಸಿಕ್ಕಿಸಿ, ನಾಲ್ಕನೇ ಕಂಪನಿಯನ್ನು ಹಾಯಿಸಿ, ಇನ್ನೊಂದು ತುದಿಯನ್ನು ತಮ್ಮ ಗರಗಸದ ಮೇಲೆ ತಂತಿಯಿಂದ ಬಿಗಿದರು. ಆ ವಾರ ಅವರು ಸಂಜೆ ರಸ್ತೆ ದಾಟಿ ಬಂದಾಗ ಹುಬ್ಬು ಕಪ್ಪಗಿತ್ತು! ಪ್ಯಾಂಟೆಲ್ಲ ಕೆಸರು, ಮುಖ ಮಾತ್ರ ಹುಡುಗನ ಹಾಗೆ. "ಏನ್ರೀ, ಯಾರು ನೀವು? ನಮ್ಮನೆಯವರು ಇನ್ನೂ ಬಂದಿಲ್ಲ" ಎಂದು ಬಾಗಿಲಲ್ಲೇ ತಡೆದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹಾಗೆ ನಕ್ಕರೂ ಅವರಿಗೆ ಅವತ್ತು ಕೆಮ್ಮು ಬರಲಿಲ್ಲ.

ಮರುವಾರ ಅವರನ್ನು ಕೆಲಸದಿಂದ ತೆಗೆದರು. ಕಾರಣ ಕೇಳಿ: ಮೂರನೇ ಕಂಪನಿಯ ನೌಕರನು ಐದನೇ ಕಂಪನಿಯ ಆಸ್ತಿಯಾದ ನೀರನ್ನು ಅನುಮತಿಯಿಲ್ಲದೆ ಸಾಗಿಸಿದ್ದಾನೆ, ಸಾಗಿಸುವಾಗ ನಾಲ್ಕನೇ ಕಂಪನಿಯ ಜಾಗವನ್ನು ಅತಿಕ್ರಮಿಸಿದ್ದಾನೆ. ಸೂಪರ್‌ವೈಸರು ಕೆಟ್ಟವರಲ್ಲ, ಅವರಿಗೂ ಮುಖ ಎತ್ತಿ ಹೇಳಲು ಆಗಲಿಲ್ಲವಂತೆ. "ನಿನ್ನ ಕಾಲು ಗೆರೆ ದಾಟಿದ್ರೆ ಏನೂ ಇಲ್ಲ ಮಾರಾಯಾ, ದಿನಾ ಕಕ್ಕಸಿಗೆ ದಾಟ್ತೀಯ. ನೀರು ದಾಟಿದ್ರೆ ನಾವೆಲ್ಲ ಒಂದೇ ಕಂಪನಿ ಅಂತಾಗ್ಬಿಡುತ್ತೆ. ವಕೀಲರು ಹಂಗೇ ಹೇಳಿದಾರೆ" ಎಂದರಂತೆ. ಯಜಮಾನರು ಪೈಪು ಬಿಚ್ಚಿ, ಸುರುಳಿ ಸುತ್ತಿ, ಮನೆಗೆ ತಂದರು. ಕಾರ್ಮಿಕ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟು, ನೀರು ಕೊಟ್ಟು, ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಗಳ ದೂರು ಈಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿದರು. ಅದೂ ನಿಮ್ಮದೇ ತಿದ್ದುಪಡಿಯ ಬಾಲಂಗೋಚಿಯಂತೆ. "ಒಬ್ಬರು ಹೆಚ್ಚಿದ್ದಿದ್ರೆ ಏನಾದ್ರೂ ಮಾಡ್ಬಹುದಿತ್ತಮ್ಮ" ಎಂದು ಅವರು ಮರುಗಿದರು. ಆ ಒಬ್ಬರನ್ನು ನಾನು ಎಲ್ಲಿಂದ ಹೆತ್ತು ತರಲಿ?

ಮೂರನೇ ಕಂಪನಿಯ ಒಡತಿ ಯಾರು ಗೊತ್ತೇ? ನಿಮಗೆ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಮಾಲೀಕರ ತಾಯಿ. ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ವಯಸ್ಸಾಗಿ ಮೈ ಇಳಿದಿದೆ, ಹಳೆಯ ಬಟ್ಟೆಯೆಲ್ಲ ದೊಗಲೆಯಾಗಿದೆ, ಅದನ್ನು ಒಳಗೆ ಹಿಡಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದರು. ಹೊಸದು ಹೊಲಿಸಿ ಎಂದರೆ, "ಇನ್ನೆಷ್ಟು ದಿನ ಹಾಕ್ಕೊಳ್ಳೋಕೆ ಬಿಡೇ" ಎನ್ನುವ ಜೀವ. ಕೆಲಸ ಹೋದ ಕೆಲವು ದಿನಕ್ಕೆ ಬಂದವರು, ನನ್ನ ಯಜಮಾನರು ಮೂಲೆಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದನ್ನು ನೋಡಿದರು.

"ಯಾಕಪ್ಪಾ, ಕೆಲಸಕ್ಕೆ ಹೋಗ್ಲಿಲ್ವಾ?"

"ತೆಗೆದ್ಬಿಟ್ರು ದೊಡ್ಡಮ್ಮ."

"ಅಯ್ಯೋ! ಇಷ್ಟು ವರ್ಷ ದುಡಿದವನನ್ನ ತೆಗೆಯೋದಾ? ಯಾವನವನು ಪಾಪಿ?"

ನಮ್ಮ ಯಜಮಾನರು ಸೂಜಿಗೆ ದಾರ ಪೋಣಿಸತೊಡಗಿದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ನನಗೆಲ್ಲಿ ಬರುತ್ತದೆ ಆ ಬುದ್ಧಿ? "ನೀವೇ ದೊಡ್ಡಮ್ಮ. ಮೂರನೇ ಕಂಪನಿ ನಿಮ್ಮದೇ" ಎಂದುಬಿಟ್ಟೆ.

ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನನ್ಗ್ಯಾವ ಕಂಪನಿನೇ? ಮಗ ಇಲ್ಲಿ ಸೈನ್ ಹಾಕಮ್ಮ ಅಂದ, ಹಾಕ್ದೆ. ಆಸ್ಪತ್ರೆ ವಿಮೆದು ಅಂದ್ಕೊಂಡೆ." ಅಳತೆ ಕೊಡದೆಯೇ ಎದ್ದುಹೋದರು. ಮಗನ ಹತ್ತಿರ ಕೇಳಿದರೋ ಇಲ್ಲವೋ ತಿಳಿಯದು. ಆಮೇಲೆ ಅವರು ನಮ್ಮ ಅಂಗಡಿಗೆ ಬಂದಿಲ್ಲ. ಪಾಪ, ಬರಲು ನಾಚಿಕೆ ಪಟ್ಟುಕೊಂಡರೇನೋ. ಈ ಇಡೀ ವ್ಯವಹಾರದಲ್ಲಿ ನಾಚಿಕೆಪಟ್ಟವರು ಅವರೊಬ್ಬರೇ, ಏನೂ ಮಾಡದವರು.

ಆದರೆ ಈ ದೊಡ್ಡಮ್ಮ ನಿಮ್ಮ ಮೇಲೆ ಎಂಥ ಅಭಿಮಾನ ಇಟ್ಟಿದ್ದಾರೆಂದು ನನಗೆ ಕಳೆದ ಚುನಾವಣೆಯ ನಂತರ ತಿಳಿಯಿತು. ಅಭ್ಯರ್ಥಿಗಳಿಗೆ ದೇಣಿಗೆ ಕೊಟ್ಟವರ ವಿವರವನ್ನು ಎಲ್ಲರೂ ಓದಲಿ ಎಂದೇ ಚುನಾವಣಾ ಕಚೇರಿಯ ಗೋಡೆಗೆ ಅಂಟಿಸುತ್ತಾರಲ್ಲ, ಗುಟ್ಟೇನೂ ಇಲ್ಲ, ಓದುವವರೂ ಇಲ್ಲ. ಒಂದು ಕಂಪನಿ ಒಬ್ಬ ಅಭ್ಯರ್ಥಿಗೆ ಇಂತಿಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂದು ಕಾನೂನಿದೆ. ದೊಡ್ಡವರ ದುಡ್ಡು ಸದನವನ್ನು ಕೊಂಡುಕೊಳ್ಳಬಾರದು ಎಂಬ ಸದುದ್ದೇಶ. ನಮ್ಮೆದುರಿನ ಶೆಡ್ಡು ಒಂದೇ ಕಂಪನಿಯಾಗಿದ್ದಾಗ ನಿಮಗೆ ಆ ಮಿತಿಯಷ್ಟು ಕೊಟ್ಟು ಸುಮ್ಮನಾಗಬೇಕಿತ್ತು. ಈಗ ಮೊದಲನೇ ಕಂಪನಿ ಮಿತಿಯಷ್ಟು ಕೊಟ್ಟಿದೆ. ಎರಡನೆಯದೂ ಕೊಟ್ಟಿದೆ. ಮೂರನೆಯದು, ಅಂದರೆ ದೊಡ್ಡಮ್ಮ, ಅವರೂ ಕೊಟ್ಟಿದ್ದಾರೆ. ನಾಲ್ಕು, ಐದು ಹಿಂದೆ ಬಿದ್ದಿಲ್ಲ. ಎಲ್ಲರಿಗೂ ಒಂದೇ ದಿನ ನಿಮ್ಮ ನೆನಪಾಗಿದೆ. ಹಳೆಯ ಬಟ್ಟೆಯನ್ನೇ ಒಳಗೆ ಹಿಡಿಸಿಕೊಂಡು ಉಡುವ ಮುದುಕಿ, ಹೊಸ ಬಟ್ಟೆಗೆ ಖರ್ಚು ಮಾಡದೆ ಉಳಿಸಿದ್ದನ್ನೆಲ್ಲ ಪ್ರಜಾಪ್ರಭುತ್ವಕ್ಕೆ ಸುರಿದಿದ್ದಾರೆ ಎಂದರೆ ಯಾರ ಕಣ್ಣಲ್ಲಿ ತಾನೇ ನೀರು ಬಾರದು?

ತಪ್ಪು ತಿಳಿಯಬೇಡಿ, ನಾನು ಇದನ್ನು ಲಂಚ ಎನ್ನುವುದಿಲ್ಲ. ಲಂಚ ಕಾನೂನಿಗೆ ವಿರುದ್ಧ. ಇದು ಕಾನೂನಿನ ಪ್ರಕಾರವೇ ನಡೆದಿದೆ, ಕಾನೂನು ಮಾಡಿದವರೂ ನೀವೇ ಆದ್ದರಿಂದ ತಪ್ಪಿಲ್ಲದೆ ನಡೆದಿದೆ. ನನ್ನ ಬಳಿ ಒಂದು ಅಂಗಿಯ ಬಟ್ಟೆಯನ್ನು ಐದು ಅಂಗಿಗೆಂದು ತುಂಡು ಮಾಡಿದರೆ ಒಂದು ಅಂಗಿಯೂ ಹುಟ್ಟುವುದಿಲ್ಲ. ನೀವು ಒಂದು ಕಾರ್ಖಾನೆಯನ್ನು ಐದು ತುಂಡು ಮಾಡಿ ಐದು ದಾನಿಗಳನ್ನು ಹುಟ್ಟಿಸಿದಿರಿ, ಜೊತೆಗೆ ಒಂದು ಕಾಯ್ದೆಯನ್ನೂ ಮುಗಿಸಿದಿರಿ. ಇಂಥ ಕೈಚಳಕ ಕಲಿಯಲು ಯಾವ ಶಾಲೆಗೆ ಹೋಗಬೇಕು? ಚುನಾವಣೆಯಲ್ಲಿ ನಿಮ್ಮ ದೊಡ್ಡ ದೊಡ್ಡ ಭಾವಚಿತ್ರಗಳು ನಮ್ಮ ಬೀದಿಯ ಎರಡೂ ತುದಿಯಲ್ಲಿ ನಿಂತಿದ್ದವು. ಗಾಳಿಗೆ ಅವುಗಳ ಮೇಲೂ ಬಿಳಿ ಧೂಳು ಕೂರುತ್ತಿತ್ತು. ದಿನಾ ಬೆಳಿಗ್ಗೆ ಯಾರೋ ಬಂದು ಏಣಿ ಹಾಕಿ, ಪೈಪು ಹಿಡಿದು, ನಿಮ್ಮ ಮುಖ ತೊಳೆದು ಹೋಗುತ್ತಿದ್ದರು. ನಮ್ಮ ಯಜಮಾನರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದರು.

ನಿಮ್ಮ ಕಚೇರಿಗೂ ಬಂದಿದ್ದೆವು. ನಿಮ್ಮ ಆಪ್ತ ಸಹಾಯಕರು ಕಥೆಯನ್ನೆಲ್ಲ ತಲೆಯಾಡಿಸುತ್ತಾ ಕೇಳಿ, "ಯಾವ ಕಂಪನಿ ಅಂದ್ರಿ?" ಎಂದರು. "ಮೂರನೇದು ಸಾರ್." ಅವರು ಪೆನ್ನು ಕೆಳಗಿಟ್ಟರು. "ಅವರು ನಮ್ಮ ಹಿತೈಷಿಗಳಮ್ಮ. ಮಾತಾಡಿ ನೋಡೋಣ." ಅಷ್ಟರಲ್ಲಿ ನೀವೇ ಒಳಗಿನಿಂದ ಬಂದಿರಿ. ಯಜಮಾನರ ಎರಡೂ ಕೈ ಹಿಡಿದುಕೊಂಡಿರಿ. ಗುರುತು ಸಿಕ್ಕಿತೋ ಇಲ್ಲವೋ, ನಿಮ್ಮ ಕೈ ಬೆಚ್ಚಗಿತ್ತು ಎಂದು ಅವರು ಆಮೇಲೆ ಹೇಳಿದರು. ಆಸ್ಪತ್ರೆಯಲ್ಲಿ ತೆಗೆದ ಎದೆಯ ಎಕ್ಸ್‌ರೇ ಫೋಟೋ ತೋರಿಸಿದರೆ ಬೆಳಕಿಗೆ ಹಿಡಿದು ನೋಡಿ, "ಧೂಳಿನಿಂದ ದೂರ ಇರಿ" ಎಂದು ಸಲಹೆ ಕೊಟ್ಟಿರಿ. ಕೆಲಸದಿಂದ ತೆಗೆಸಿದ ಮೇಲೆ ಅವರು ಧೂಳಿನಿಂದ ಬಹಳ ದೂರವೇ ಇದ್ದಾರೆ ಸ್ವಾಮಿ, ನಿಮ್ಮ ದಯೆ. ಹೊರಡುವಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಕಲ್ಲು ಕಾರ್ಮಿಕರಿಗೆಂದೇ ಹೊಸ ವಾರ್ಡು ಕಟ್ಟಿಸುತ್ತಿರುವ ಸುದ್ದಿ ಹೇಳಿದಿರಿ. ದಾನಿಗಳು ಮುಂದೆ ಬಂದಿದ್ದಾರಂತೆ, ಐದು ಕಂಪನಿಗಳು. ನೆಲಕ್ಕೆ ಒಳ್ಳೆಯ ಕಲ್ಲು ಹಾಕಿಸುತ್ತಾರಂತೆ. ಆ ಕಲ್ಲು ಕೊಯ್ಯುವವರು ಮುಂದೆ ಅದೇ ವಾರ್ಡಿನಲ್ಲಿ ಮಲಗಿ ತಮ್ಮ ಕೈಕೆಲಸವನ್ನು ನೋಡಿಕೊಂಡು ಖುಷಿಪಡಬಹುದು!

ಸದನದಲ್ಲಿ ನೀವೇನು ಹೇಳುತ್ತೀರೆಂದು ನನಗೆ ಗೊತ್ತಿದೆ, ಹೋದ ವಾರ ಟೀವಿಯವರ ಮುಂದೆ ಅಭ್ಯಾಸ ಮಾಡಿದ್ದೀರಿ. ನೀರು ಹಾಕಿದರೆ ಕೆಸರಾಗುತ್ತದೆ, ಕೆಸರಿಗೆ ಗುಂಡಿ ತೋಡಬೇಕು, ಗುಂಡಿಗೆ ಖರ್ಚಾಗುತ್ತದೆ, ಖರ್ಚಾದರೆ ಸಣ್ಣವರು ಬಾಗಿಲು ಮುಚ್ಚುತ್ತಾರೆ, ಮುಚ್ಚಿದರೆ ಕೆಲಸ ಹೋಗುತ್ತದೆ. ಒಂದು ಮಾತೂ ಸುಳ್ಳಲ್ಲ. ಸಣ್ಣವರಿಗೆ ಕಷ್ಟವಾಗುತ್ತದೆ ಎಂಬುದನ್ನು ನನ್ನಂಥ ಸಣ್ಣವಳು ಒಪ್ಪದೆ ಇರುತ್ತಾಳೆಯೇ? ನಿಜವಾದ ಸಣ್ಣವರಿಗೆ ಸಾಲವೋ ಸಹಾಯಧನವೋ ಕೊಟ್ಟು ಪೈಪು ಹಾಕಿಸಿ, ಯಾರು ಬೇಡ ಎಂದರು? ಆದರೆ ದಯವಿಟ್ಟು ಹೇಳಿ, ಹತ್ತೊಂಬತ್ತು ಜನರ ನಡುವೆ ಏಳುವ ಧೂಳು ನೂರು ಜನರ ನಡುವೆ ಏಳುವ ಧೂಳಿಗಿಂತ ಮೆತ್ತಗಿರುತ್ತದೆಯೇ? ಅದು ಹಳದಿ ಗೆರೆಯ ಹತ್ತಿರ ಬಂದು, ಇದು ಬೇರೆ ಕಂಪನಿ ಎಂದು ನಿಲ್ಲುತ್ತದೆಯೇ? ನೀರಿಗೆ ಗಡಿಯುಂಟು, ಮನುಷ್ಯರಿಗೆ ಗಡಿಯುಂಟು, ಧೂಳೊಂದಕ್ಕೆ ಮಾತ್ರ ಐದೂ ಕಂಪನಿಗಳಲ್ಲಿ ಓಡಾಡುವ ಸ್ವಾತಂತ್ರ್ಯ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ತಮಾಷೆ ಬಿಟ್ಟು ಬರೆಯಲು ನನಗೆ ಭಯ. ಆದರೂ ಹೇಳಲೇಬೇಕು. ಧೂಳು ಒಳಗೆ ಕೂತು ಶ್ವಾಸಕೋಶ ಗಟ್ಟಿಯಾಗಿದೆ, ಅದು ಮತ್ತೆ ಮೆತ್ತಗಾಗುವುದಿಲ್ಲ ಎಂದು ವೈದ್ಯರು ನಮ್ಮ ಯಜಮಾನರಿಗೆ ಹೇಳಿಯಾಗಿದೆ. ನಿಮ್ಮ ಯಾವ ಮತದಿಂದಲೂ ಅವರ ಉಸಿರು ವಾಪಸು ಬರುವುದಿಲ್ಲ. ಹಾಗಿದ್ದ ಮೇಲೆ ಇವಳಿಗೇಕೆ ಇಷ್ಟು ಉರಿ ಎಂದು ನೀವು ಕೇಳಬಹುದು. ಅವರು ನಿಲ್ಲುತ್ತಿದ್ದ ಯಂತ್ರದ ಮುಂದೆ ಈಗ ನನ್ನ ತಮ್ಮ ನಿಲ್ಲುತ್ತಾನೆ. ಅವನಿದ್ದ ಮರದ ಮಿಲ್ಲು ಮುಚ್ಚಿ ಬಹಳ ದಿನ ಖಾಲಿ ಕೂತಿದ್ದ. ಮನೆಯಲ್ಲಿ ಹೆಂಡತಿ, ಆಗಷ್ಟೇ ಹೆಜ್ಜೆ ಇಡಲು ಕಲಿತ ಮಗಳು. ಮೂರನೇ ಕಂಪನಿಯಲ್ಲಿ ಒಂದು ಜಾಗ ಖಾಲಿಯಿತ್ತು, ಯಾಕೆ ಖಾಲಿಯಿತ್ತು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋಗಬೇಡವೋ ಎಂದು ಕಾಲು ಹಿಡಿದೆ. "ಅಕ್ಕಾ, ಭಾವನಿಗೆ ಇಷ್ಟು ವರ್ಷ ಆದ್ಮೇಲೆ ತಾನೇ ಆಗಿದ್ದು? ನಂದು ಅಷ್ಟು ವರ್ಷ ಎಲ್ಲಾಗುತ್ತೆ ಬಿಡು" ಎಂದ. ಅವನ ಭಾವನೇ ಕರೆದುಕೊಂಡು ಹೋಗಿ ಮೊದಲು ಎದೆಯ ಫೋಟೋ ತೆಗೆಸಿದರು. ವೈದ್ಯರು ಇಬ್ಬರ ಫೋಟೋವನ್ನೂ ಅಕ್ಕಪಕ್ಕ ತೂಗುಹಾಕಿ ತೋರಿಸಿದರು. ನನ್ನ ತಮ್ಮನದು ನಿರ್ಮಲವಾಗಿದೆ, ಒಂದು ಚುಕ್ಕೆಯಿಲ್ಲ. ಅದನ್ನು ನೋಡಿ ನನ್ನ ಗಂಡ, "ನೋಡೋ, ಎಷ್ಟು ಚೆನ್ನಾಗಿದೆ" ಎಂದು ಅವನ ಬೆನ್ನು ತಟ್ಟಿದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನನಗೆ ಮಾತ್ರ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಈಗ ಸಂಜೆಯಾದರೆ ರಸ್ತೆ ದಾಟಿ ಬರುವವನು ನನ್ನ ತಮ್ಮ. ಅವನ ಹುಬ್ಬೂ ಬೆಳ್ಳಗಿರುತ್ತದೆ. ಅವನನ್ನು ನಾನು ರೇಗಿಸುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಗಂಡನ ಕೆಲಸ ವಾಪಸು ಕೊಡಿಸಿ ಎಂಬುದಲ್ಲ. ಪರಿಹಾರ ಬೇಡ, ನಿಮ್ಮ ವಾರ್ಡಿನಲ್ಲಿ ಹಾಸಿಗೆಯೂ ಬೇಡ. ಪಡೆದ ದೇಣಿಗೆಯನ್ನು ನೀವು ಹಿಂದಿರುಗಿಸುತ್ತೀರೆಂದು ನಂಬುವಷ್ಟು ಪೆದ್ದಿಯೂ ನಾನಲ್ಲ. ಖರ್ಚಾಗಿರುತ್ತದೆ, ನಿಮ್ಮ ಮುಖ ತೊಳೆದವರಿಗೂ ಕೂಲಿ ಕೊಡಬೇಕಲ್ಲ. ಆ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ವಿನಾಯಿತಿ ತಾನಾಗಿಯೇ ಸಾಯಲಿ. ನೀವು ಏನನ್ನೂ ಮಾಡಬೇಕಿಲ್ಲ, ಮಾಡದೆ ಇದ್ದರೆ ಸಾಕು. ಜನಪ್ರತಿನಿಧಿಯ ಬಳಿ ಇದಕ್ಕಿಂತ ಸುಲಭದ ಬೇಡಿಕೆಯನ್ನು ಯಾರು ತಂದಾರು? ಹಿಂದಕ್ಕೆ ತೆಗೆದುಕೊಳ್ಳಲು ಮರ್ಯಾದೆ ಅಡ್ಡ ಬರುತ್ತದೆ ಎನ್ನುವುದಾದರೆ, ಮತದ ದಿನ ನಿಮ್ಮ ಮಸೂದೆಯ ವಿರುದ್ಧ ನೀವೇ ಗುಂಡಿ ಒತ್ತಿ. ಇದುವರೆಗೆ ನಿಮ್ಮ ಕಾಯ್ದೆಯ ವಿರುದ್ಧ ನೀವೇ ಒತ್ತಿಲ್ಲವೇ? ಅಭ್ಯಾಸವಿದೆ.

ಮತದ ದಿನ ನಾವಿಬ್ಬರೂ ಸದನದ ಪ್ರೇಕ್ಷಕರ ಗ್ಯಾಲರಿಯಲ್ಲಿ ಇರುತ್ತೇವೆ. ಪಾಸು ಸಿಕ್ಕಿದೆ. ಫೋನು ತರಬಾರದು, ಚಪ್ಪಾಳೆ ತಟ್ಟಬಾರದು, ಯಾವುದೇ ಶಬ್ದ ಮಾಡಬಾರದು, ಮಾಡಿದವರನ್ನು ತಕ್ಷಣ ಹೊರಗೆ ಕಳಿಸಲಾಗುವುದು ಎಂದು ಅದರ ಹಿಂದೆ ಅಚ್ಚು ಹಾಕಿದ್ದಾರೆ. ಅದನ್ನು ಓದಿದಾಗಿನಿಂದ ನಮ್ಮ ಯಜಮಾನರು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಬಾಯಿಗೆ ಟವೆಲು ಒತ್ತಿಕೊಂಡು, ಗೋಡೆ ಗಡಿಯಾರ ನೋಡುತ್ತಾ ಕೆಮ್ಮನ್ನು ತಡೆಯುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಕೆಂಪಾಗುತ್ತದೆ. ಸಾಕು ಮಾಡ್ರೀ ಎಂದರೆ ಕೈಸನ್ನೆಯಲ್ಲೇ ಸುಮ್ಮನಿರು ಎನ್ನುತ್ತಾರೆ. ನಿನ್ನೆ ನೀವು ಟೀವಿಯಲ್ಲಿ ಮಾತಾಡುವಾಗ, ನಿಮ್ಮ ಮಾತು ಮುಗಿಯುವವರೆಗೆ ತಡೆಯುತ್ತೇನೆ ಎಂದು ಕೂತರು. ಆಗಲಿಲ್ಲ. ಅರ್ಧಕ್ಕೇ ಸೋತು, ಬಗ್ಗಿ ಕೆಮ್ಮಿ, ಆಮೇಲೆ ನನ್ನ ಕಡೆ ತಿರುಗಿ ತಪ್ಪು ಮಾಡಿದವರ ಹಾಗೆ ನಕ್ಕರು. ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ನೆಪ ಹೇಳಿ ಅಡುಗೆಮನೆಗೆ ಹೋದೆ.

ಅವತ್ತು ನೀವು ಎದ್ದು ಮಾತಾಡುವಾಗ ಮೇಲಿನಿಂದ ಕೆಮ್ಮು ಕೇಳಿಸಬಹುದು. ಅವರು ಬೇಕೆಂದು ಮಾಡುವುದಿಲ್ಲ. ಸಭಾಧ್ಯಕ್ಷರಿಗೆ ಒಂದು ಮಾತು ಹೇಳಿಡಿ: ನೀವು ಗುಂಡಿ ಒತ್ತುವವರೆಗಾದರೂ ಅವರನ್ನು ಹೊರಗೆ ಕಳಿಸಬಾರದು.

ಇಂತಿ,
ಎರಡು ಸಲವೂ ನಿಮಗೇ ಮತ ಹಾಕಿದ, ನೀರು ಕದ್ದವನ ಹೆಂಡತಿ